ಗೇರ್‌ಬಾಕ್ಸ್ ಬದಲಿಸುವ ಮೊದಲು ಒಂದು ಪ್ರಶ್ನೆ

ಖಂಬಾಟಕಿ ಘಾಟಿನ ಅರ್ಧ ಏರಿನಲ್ಲಿ ನಮ್ಮ ಕಾರು ದಮ್ಮು ಬಿಟ್ಟಿತು. ಎಂಜಿನ್ ಗುಂಯ್ ಎನ್ನುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಪ್ಪ, ‘ಬದಿಗೆ ಹಚ್ಚು, ಸ್ವಲ್ಪ ಆರಲಿ’ ಎಂದರು. ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಹೊರಟಿತು. ಧಾರವಾಡ ಮುಟ್ಟುವುದರೊಳಗೆ ಇನ್ನೆರಡು ಸಲ ಹೀಗೇ ಆಯಿತು.

ಅದು 2011ರ ಕಾರು. ಅಪ್ಪನ ಎಡ ಮೊಣಕಾಲು ಕ್ಲಚ್ ತುಳಿಯಲು ಒಲ್ಲೆ ಎಂದಾಗ ಕೊಂಡ, ನಾಲ್ಕು ಗೇರಿನ ಆಟೊಮ್ಯಾಟಿಕ್. ಅಮ್ಮ ತೀರಿದ ಮೇಲೆ ಅಪ್ಪ ಕೋಥರೂಡದ ನಮ್ಮ ಮನೆಗೆ ಬಂದರು. ಜೊತೆಗೆ ಕಾರೂ ಬಂತು. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕಲ್ಲ. ಎನ್‌ಒಸಿ, ರಸ್ತೆ ತೆರಿಗೆ ಎಲ್ಲ ಮುಗಿಸಿ ಕೆಎ-25 ಹೋಗಿ ಎಂಎಚ್-12 ಆಯಿತು. ವಲಸೆ ಬಂದವರಿಗೆ ಇದೆಲ್ಲ ಹೊಸದಲ್ಲ.

ಊರಿಂದ ಮರಳಿದ ಮೇಲೆ ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಒಯ್ದೆ. ಅರ್ಧ ಗಂಟೆಯಲ್ಲಿ ತೀರ್ಪು ಬಂತು: ‘ಗೇರ್‌ಬಾಕ್ಸ್ ಸ್ಲಿಪ್ ಆಗ್ತಿದೆ, ಪೂರ್ತಿ ಬದಲಿಸಬೇಕು. 1 ಲಕ್ಷ 35 ಸಾವಿರ.’ ಮಾರಿದರೆ ಕಾರಿಗೇ ಅಷ್ಟು ಬರುವುದು ಕಷ್ಟ. 15 ವರ್ಷ ತುಂಬಿದ ಮೇಲೆ ಫಿಟ್ನೆಸ್ ತಪಾಸಣೆ, ನೋಂದಣಿ ನವೀಕರಣ ಬೇರೆ. ‘ಗುಜರಿಗೆ ಹಾಕು’ ಅಂದರು ಗೆಳೆಯರು. ಅಪ್ಪ ಏನೂ ಅನ್ನಲಿಲ್ಲ. ಮ್ಯಾನುಯಲ್ ಗಾಡಿ ಅವರಿಂದ ಆಗದು, ರಿಕ್ಷಾಕ್ಕೆ ಕಾಯುವುದು ಅವರಿಗೆ ಒಗ್ಗದು. ಬೆಳಗ್ಗೆ ತಾವೇ ನಡೆಸಿಕೊಂಡು ತರಕಾರಿಗೆ ಹೋಗಿಬರುವುದಷ್ಟೇ ಈ ಊರಲ್ಲಿ ಅವರಿಗೆ ಉಳಿದಿದ್ದ ಸ್ವಾತಂತ್ರ್ಯ.

ಕೊನೆಗೆ ಪೌಡ್ ರಸ್ತೆಯ ಹಿಂದಿನ ಗಲ್ಲಿಯ ಗ್ಯಾರೇಜಿನ ಕಾಕಾ ಬಳಿ ಹೋದೆ. ಅವರ ಮೊದಲ ಮಾತು, ‘ಆಧೀ ತೇಲ ಬಘೂ’. ಮೊದಲು ಎಣ್ಣೆ ನೋಡೋಣ. ಎರಡನೆಯದು ಒಂದು ಪ್ರಶ್ನೆ: ‘ಬಂದ್ ಮಾಡಿ ಚಾಲೂ ಮಾಡಿದರೆ ಸರಿಹೋಗುತ್ತಾ?’

ಈ ಪ್ರಶ್ನೆಯನ್ನು ವರ್ಕ್‌ಶಾಪಿನಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲವೂ ಇದ್ದದ್ದು ಅದರಲ್ಲೇ. ಒಳಗಿನ ಕ್ಲಚ್ ಪ್ಲೇಟು ನಿಜವಾಗಿ ಸವೆದಿದ್ದರೆ ಕೀಲಿ ತಿರುಗಿಸಿದ ಮಾತ್ರಕ್ಕೆ ವಾಸಿಯಾಗುವುದಿಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಯಾವುದೋ ಸೆನ್ಸರಿನ ಸಂಕೇತ ತಪ್ಪಿದರೆ ಅದು ಗಾಬರಿಯಾಗಿ, ಯಂತ್ರ ಕೆಡದಿರಲೆಂದು ಮೂರನೇ ಗೇರಿನಲ್ಲೇ ನಿಂತುಬಿಡುತ್ತದೆ. ನಿಂತ ಗಾಡಿ ಮೂರನೇ ಗೇರಿನಲ್ಲಿ ಹೊರಟರೆ ಎಂಜಿನ್ ಕೂಗುತ್ತದೆ, ಗಾಡಿ ತೆವಳುತ್ತದೆ. ಅನುಭವವಿಲ್ಲದವರಿಗೆ ಅದೇ ‘ಸ್ಲಿಪ್’.

ಎಣ್ಣೆ ಕೆಂಪು ಹೋಗಿ ಕಂದಾಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ಕೆಳಗಿನ ಪ್ಯಾನ್ ಬಿಚ್ಚಿದರೆ ಅಯಸ್ಕಾಂತಕ್ಕೆ ಬೂದುಬಣ್ಣದ ನಯವಾದ ಕೆಸರು ಮಾತ್ರ ಅಂಟಿತ್ತು, ಲೋಹದ ಚೂರುಗಳಿರಲಿಲ್ಲ. ನನ್ನ ಅಗ್ಗದ ಸ್ಕ್ಯಾನರ್ ತೋರಿಸಿದ್ದು ಪಿ0700. ‘ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳಬೇಕೆಂದಿದೆ’ ಎಂಬುದಷ್ಟೇ ಅದರ ಅರ್ಥ. ಕಾಕಾ ತಮ್ಮ ಸ್ಕ್ಯಾನರಿನಿಂದ ಆ ಕಂಪ್ಯೂಟರನ್ನೇ ಕೇಳಿದಾಗ ಸಿಕ್ಕಿದ್ದು ಪಿ0717: ಒಳಗೆ ಬರುವ ವೇಗವನ್ನು ಅಳೆಯುವ ಸೆನ್ಸರಿನಿಂದ ಸಂಕೇತವಿಲ್ಲ. ಅದರ ಪ್ಲಗ್ಗಿನ ಪಿನ್ನುಗಳು ಹಸಿರುಗಟ್ಟಿದ್ದವು, ಸೆನ್ಸರ್ ಬಿಸಿಯಾದಾಗ ಕೈಕೊಡುತ್ತಿತ್ತು. ಸೆನ್ಸರ್ ಬದಲಾಯಿತು, ಪ್ಲಗ್ ಸ್ವಚ್ಛವಾಯಿತು. ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನೇ ಎರಡು ಸಲ ಬದಲಿಸಿದೆವು; ಟಾರ್ಕ್ ಕನ್ವರ್ಟರಿನೊಳಗಿನ ಎಣ್ಣೆ ಒಂದೇ ಸಲಕ್ಕೆ ಇಳಿಯುವುದಿಲ್ಲ. ಒಟ್ಟು ಖರ್ಚು 11 ಸಾವಿರದೊಳಗೆ ಮುಗಿಯಿತು.

ದೊಡ್ಡ ವರ್ಕ್‌ಶಾಪೆಲ್ಲ ಮೋಸ, ಗಲ್ಲಿಯ ಮೇಸ್ತ್ರಿಯೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. ಗಲ್ಲಿಯಲ್ಲೂ ಕಣ್ಣುಮುಚ್ಚಿ ಬಿಚ್ಚುವವರಿದ್ದಾರೆ. ಸುಟ್ಟ ವಾಸನೆ, ಪ್ಯಾನಿನಲ್ಲಿ ಲೋಹದ ಚೂರು, ಕೀಲಿ ತಿರುಗಿಸಿದರೂ ಬಿಡದ ಸ್ಲಿಪ್ ಇದ್ದರೆ ದೊಡ್ಡ ಖರ್ಚು ತಪ್ಪದು. ನನ್ನ ತಕರಾರು ಬೇರೆ. ಬದಲಿಸುವ ಕೆಲಸಕ್ಕೆ ನಾವು ಲಕ್ಷ ಕೊಡುತ್ತೇವೆ, ಹುಡುಕುವ ಕೆಲಸಕ್ಕೆ ಐನೂರು ಕೊಡಲೂ ಚೌಕಾಸಿ ಮಾಡುತ್ತೇವೆ. ಹಾಗಿದ್ದ ಮೇಲೆ ಯಾರು ಕೂತು ಹುಡುಕುತ್ತಾರೆ?

ನಮ್ಮ ಮನೆಯ ಹಿಂದಿನ ವೇತಾಳ ಟೇಕಡಿಯ ಮೇಲೆ ಎಆರ್‌ಎಐ ಇದೆ. 1966ರಲ್ಲಿ ಹುಟ್ಟಿದ, ದೇಶದ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆ. ಗಾಡಿ ಹುಟ್ಟುವಾಗ ಇಷ್ಟು ಪರೀಕ್ಷೆ, ಮುಪ್ಪಾದಾಗ ಒಂದು ಪ್ರಶ್ನೆಯೂ ಇಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಕೈಪಿಡಿ, ಬಿಡಿಭಾಗಗಳ ಮಾಹಿತಿ ಗಲ್ಲಿಯ ಕಾಕಾನವರೆಗೂ ತಲುಪಿದಾಗಲೇ ಆ ಹಕ್ಕಿಗೆ ಬೆಲೆ.

ಅಲ್ಲಿಯವರೆಗೆ ಪರವೂರಿನಲ್ಲಿ ಹಳೆಯ ಆಟೊಮ್ಯಾಟಿಕ್ ಇಟ್ಟುಕೊಂಡವರು ಇಷ್ಟು ಮಾಡಿ. ದೋಷ ಯಾವಾಗ, ಎಷ್ಟು ಬಿಸಿಯಲ್ಲಿ, ಯಾವ ಗೇರಿನಲ್ಲಿ ಬರುತ್ತದೆಂದು ಬರೆದಿಡಿ. ಪಿ0700 ಒಂದನ್ನೇ ನಂಬಬೇಡಿ. ಎಣ್ಣೆ ಮತ್ತು ಪ್ಯಾನನ್ನು ನಿಮ್ಮ ಕಣ್ಣೆದುರೇ ನೋಡಿಸಿ. ಪರೀಕ್ಷೆಗೆ ಬೇರೆಯಾಗಿ ದುಡ್ಡು ಕೊಡಿ, ಕಾರಣವನ್ನು ಬರೆದು ಕೇಳಿ.

ದೀಪಾವಳಿಗೆ ಮತ್ತೆ ಊರಿಗೆ ಹೊರಟೆವು. ಖಂಬಾಟಕಿ ಏರಿನಲ್ಲಿ ನಾನು ಉಸಿರು ಬಿಗಿಹಿಡಿದಿದ್ದೆ. ಅಪ್ಪ ನಿದ್ದೆ ಹೋಗಿದ್ದರು.