ಬುದ್ಧಿವಂತ ಯಂತ್ರಕ್ಕೂ ಹೊಟ್ಟೆಯುಂಟು

ಚಳಿದೇಶದ ಮನೆಗಳಲ್ಲಿ ಒಳಗಣ ಗಾಳಿಯನ್ನು ಬೆಚ್ಚಗಿಡಲು ಕುಲುಮೆಯಿರುತ್ತದೆ. ಅದು ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂಬುದನ್ನು ಗೋಡೆಯ ಮೇಲಿನ ಥರ್ಮೋಸ್ಟ್ಯಾಟ್ ಎಂಬ ಸಣ್ಣ ಸಾಧನವು ನಿರ್ಣಯಿಸುತ್ತದೆ. ಹೋಟೆಲಿನ ಗೀಸರು, ಫ್ರಿಜ್ಜುಗಳಲ್ಲಿಯೂ ಅದರ ದಾಯಾದಿಗಳಿರುವುದನ್ನು ನಮ್ಮ ವಾಚಕರು ಬಲ್ಲರು. ಹಳೆಯ ಮಾದರಿಯಲ್ಲಿ ಎರಡು ಲೋಹಗಳ ಪಟ್ಟಿಯೊಂದು ಶಾಖಕ್ಕೆ ಬಾಗಿ ಈ ಕೆಲಸವನ್ನು ಮಾಡುತ್ತಿತ್ತು. 2011ರಲ್ಲಿ ನೆಸ್ಟ್ ಕಂಪೆನಿಯ ಸಾಧನವು ಬಂದ ಮೇಲೆ, ಮೊಬೈಲಿನಿಂದ ಆಜ್ಞೆ ಪಡೆಯುವ ‘ಸ್ಮಾರ್ಟ್’ ಥರ್ಮೋಸ್ಟ್ಯಾಟುಗಳು ಅಮೆರಿಕೆಯಲ್ಲಿ ಮನೆಮಾತಾದವು.

2016ರ ಜನವರಿಯಲ್ಲಿ, ಚಳಿಯ ನಡುವೆ, ಈ ನೆಸ್ಟ್ ಸಾಧನಗಳು ಹಲವು ಮನೆಗಳಲ್ಲಿ ಕಣ್ಣು ಮುಚ್ಚಿದವು. ಹಿಂದಿನ ಡಿಸೆಂಬರಿನಲ್ಲಿ ಕಂಪೆನಿಯು ದೂರದಿಂದಲೇ ಕಳುಹಿದ ಹೊಸ ಸಾಫ್ಟ್‌ವೇರಿನ ದೋಷದಿಂದ ಬ್ಯಾಟರಿ ಬರಿದಾಗಿತ್ತು. ಸಾಧನವನ್ನು ಗೋಡೆಯಿಂದ ಕಿತ್ತು, ಯುಎಸ್‌ಬಿ ತಂತಿಯಿಂದ ಚಾರ್ಜು ಮಾಡಿ, ಮತ್ತೆ ಸಿಕ್ಕಿಸಿ, ಹೊಸದಾಗಿ ಚಾಲೂ ಮಾಡಿರೆಂದು ಮನೆಯವರಿಗೆ ತಿಳಿಸಲಾಯಿತು. ಮಗ ಸೊಸೆಯರು ಆಫೀಸಿಗೆ ಹೋದ ಮೇಲೆ ಮೊಮ್ಮಗುವಿನೊಡನೆ ಮನೆಯಲ್ಲುಳಿಯುವ ನಮ್ಮೂರ ತಾಯಿತಂದೆಗಳು ಇಂದು ಆ ದೇಶದಲ್ಲಿ ಕಡಿಮೆಯಿಲ್ಲ. ಅಂಥವರು ಆ ಚಳಿಯಲ್ಲಿ ಇದನ್ನೆಲ್ಲ ಮಾಡಬಲ್ಲರೆ?

ಇಂಥ ಸಾಧನವು ಚಾಲೂ ಆಗದಿದ್ದರೆ ಜನರು ಒಡನೆಯೇ ಅದರ ಬುದ್ಧಿಯನ್ನು ಶಂಕಿಸುತ್ತಾರೆ. ಆದರೆ ಬಹುಪಾಲು ಅದರ ಕೊರತೆ ಬುದ್ಧಿಯದಲ್ಲ, ಆಹಾರದ್ದು. ಅದಕ್ಕೆ 24 ವೋಲ್ಟಿನ ವಿದ್ಯುತ್ತು ಸತತವಾಗಿ ಬೇಕು. ಅದನ್ನೊದಗಿಸುವುದು ‘ಸಿ’ ಎಂಬ ತಂತಿ. ಹಳೆಯ ಮನೆಗಳಲ್ಲಿ ಅನೇಕ ಕಡೆ ಈ ತಂತಿಯಿಲ್ಲ. ಆಗ ಕೆಲವು ಸಾಧನಗಳು ಉಳಿದ ತಂತಿಗಳಿಂದ ತುಸು ತುಸುವೇ ಕರೆಂಟು ಎಳೆದುಕೊಂಡು ಬದುಕುತ್ತವೆ. ಅದು ಸಾಲದಾದಾಗ ಬ್ಯಾಟರಿ ಇಳಿದು, ಪರದೆ ಕಪ್ಪಾಗುತ್ತದೆ. ಅಥವಾ ಎದ್ದೆದ್ದು ಮತ್ತೆ ಮಲಗುತ್ತದೆ. ಊಟವಿಲ್ಲದೆ ನಿಂತ ಮಾಣಿಯನ್ನು ಸೋಮಾರಿಯೆಂದು ಗದರುವ ಯಜಮಾನನ ನ್ಯಾಯವನ್ನು ಇಲ್ಲಿ ನಡೆಸಬಾರದು.

ಆದಕಾರಣ ಮೊದಲು ವಿದ್ಯುತ್ತಿನ ದಾರಿಯನ್ನು ನೋಡತಕ್ಕದ್ದು. ಬ್ರೇಕರು ಬಿದ್ದಿದೆಯೆ? ಕುಲುಮೆಯ ಬಳಿಯ ಸ್ವಿಚ್ಚು ಯಾರಿಂದಲಾದರೂ ಆರಿದೆಯೆ? ಕುಲುಮೆಯ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಸುರಕ್ಷತಾ ಸ್ವಿಚ್ಚು ಕರೆಂಟನ್ನು ತಡೆಯುತ್ತದೆ. ಒಳಗಿನ ಫ್ಯೂಸು ಸುಟ್ಟಿರಬಹುದು. ನೀರಿನ ಕೊಳವೆ ಕಟ್ಟಿಕೊಂಡು ಅಲ್ಲಿಯ ಸ್ವಿಚ್ಚು ಎಲ್ಲವನ್ನೂ ನಿಲ್ಲಿಸಿರಬಹುದು. ತಂತಿಗಳನ್ನು ಮುಟ್ಟುವ ಮೊದಲು ಬ್ರೇಕರು ಆರಿಸುವುದು ಕಡ್ಡಾಯ. ಚಾರ್ಜು ಮಾಡಿದಾಗ ಎದ್ದು, ನಾಲ್ಕು ದಿನಗಳಲ್ಲಿ ಮತ್ತೆ ಮಲಗಿದರೆ ಪದೇ ಪದೇ ಚಾರ್ಜು ಮಾಡುತ್ತ ಕೂಡದೆ, ಮೇಸ್ತ್ರಿಯನ್ನು ಕರೆಸಿ ‘ಸಿ’ ತಂತಿಯ ವ್ಯವಸ್ಥೆ ಮಾಡಿಸುವುದೇ ವಿವೇಕ.

ಇದಿಷ್ಟು ಮನೆಯವರ ಕರ್ತವ್ಯ. ಮಾರುವವರದೂ ಒಂದು ಕರ್ತವ್ಯವುಂಟು. 2025ರ ಅಕ್ಟೋಬರ್ 25ರಂದು ನೆಸ್ಟಿನ ಮೊದಲ ಎರಡು ಪೀಳಿಗೆಯ ಸಾಧನಗಳಿಗೆ ಮೊಬೈಲಿನ ಸಂಪರ್ಕವನ್ನು ಗೂಗಲ್ ಕಡಿದುಹಾಕಿತು. ಗೋಡೆಯ ಬಳಿ ನಿಂತು ಕೈಯಿಂದ ತಿರುಗಿಸುವ ಸೌಕರ್ಯ ಉಳಿದದ್ದರಿಂದ ಆ ಮನೆಗಳು ಬಚಾವಾದವು. ಆದರೆ 2016ರಲ್ಲಿ ಬ್ಯಾಟರಿಯೇ ಸತ್ತಾಗ ಆ ಕೈಯೂ ನಿರುಪಯುಕ್ತವಾಗಿತ್ತು. ಪ್ರಾಣರಕ್ಷಣೆಗೆ ಸಂಬಂಧಿಸಿದ ಯಾವುದೇ ಸಾಧನದಲ್ಲಿ ಗಣಕವು ಸತ್ತರೂ ನಡೆಯುವ ಸಾದಾ ಸ್ವಿಚ್ಚೊಂದು ಇರಲೇಬೇಕೆಂದು ಕಾನೂನು ವಿಧಿಸುವುದು ನ್ಯಾಯವೆಂಬುದು ನಮ್ಮ ಖಚಿತಾಭಿಪ್ರಾಯ.

ಇಂಥ ಯಂತ್ರಗಳು ನಮ್ಮ ನಗರಗಳ ಮನೆ, ಹೋಟೆಲುಗಳಿಗೂ ಬರುತ್ತಿವೆ. ಕೊಳ್ಳುವಾಗ ಅಂಗಡಿಯವನನ್ನು “ಇದು ಏನೇನು ಮಾಡುತ್ತದೆ?” ಎಂದು ಕೇಳಿದರಷ್ಟೇ ಸಾಲದು. “ಇದು ನಿಂತಾಗ ನಾವು ಏನು ಮಾಡಬೇಕು?” ಎಂದೂ ಕೇಳಿರೆಂದು ವಾಚಕರಲ್ಲಿ ನಮ್ಮ ವಿನಂತಿ.