ಗೋಜಿ ಹಣ್ಣಿನ ಗೋಜು

ಕಳೆದ ಕೆಲವು ವರ್ಷಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರಲ್ಲಿ ಹಲವರು ಗೋಜಿ ಹಣ್ಣಿನ ವಿಚಾರವಾಗಿ ಕೇಳುತ್ತಿದ್ದಾರೆ. ಹೊಳಲ್ಕೆರೆಯ ನಿವೃತ್ತ ಶಿಕ್ಷಕರೊಬ್ಬರು ಕಿಲೋಗೆ ಸಾವಿರ ರೂಪಾಯಿಗೂ ಮೇಲ್ಪಟ್ಟು ತೆತ್ತು ತರಿಸಿದ ಒಣಹಣ್ಣಿನ ಪೊಟ್ಟಣವನ್ನೇ ಮೇಜಿನ ಮೇಲಿಟ್ಟು, “ಇದನ್ನು ಹಿತ್ತಿಲಲ್ಲೇ ಬೆಳೆಯಬಹುದೇ ಡಾಕ್ಟರೇ?” ಎಂದರು. ಬೆಳೆಯಬಹುದು. ಆದರೆ ಆ ಗೋಜಿಗೆ ಹೋಗುವ ಮುನ್ನ ತಿಳಿಯಬೇಕಾದ ಸಂಗತಿಗಳಿವೆ.

ಗೋಜಿಯು ಚೀನಾ ದೇಶದ ಗಿಡ. ಅಲ್ಲಿನ ನಿಂಗ್ಶಿಯಾ ಪ್ರಾಂತದ ಹಳದಿ ನದಿಯ ಬಯಲಿನಲ್ಲಿ ಶತಮಾನಗಳಿಂದ ಇದರ ಕೃಷಿ ನಡೆದಿದೆ. ಹಣ್ಣನ್ನು ಅವರು ಗಂಜಿಗೆ, ಸಾರಿಗೆ, ಚಹಾಕ್ಕೆ ಹಾಕುತ್ತಾರೆ. ಬೇರಿನ ತೊಗಟೆಯೂ ಅವರ ವೈದ್ಯಪದ್ಧತಿಯಲ್ಲಿ ಔಷಧ. ಬದನೆ, ಟೊಮೆಟೊ ಹಾಗೂ ನಮ್ಮ ಅಶ್ವಗಂಧ ಸೇರಿರುವ ಕುಟುಂಬಕ್ಕೇ ಇದೂ ಸೇರಿದೆ. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆ, ಹಿತ್ತಿಲು ಸಾಕಷ್ಟು ದೂರದಲ್ಲಿದ್ದರೆ ಅನ್ವಯಿಸುವುದಿಲ್ಲವೆಂದು ತೋರುತ್ತದೆ! ಹಣ್ಣಿನಲ್ಲಿ ಕಣ್ಣಿನ ಅಕ್ಷಿಪಟಲಕ್ಕೆ ಬೇಕಾದ ಝಿಯಾಕ್ಸಾಂಥಿನ್ ಎಂಬ ವರ್ಣದ್ರವ್ಯ ಹೇರಳವಾಗಿರುವುದು ನಿಜ. ಮಧುಮೇಹವನ್ನೂ ಅರ್ಬುದವನ್ನೂ ಗುಣಪಡಿಸುತ್ತದೆಂಬ ಪ್ರಚಾರಕ್ಕೆ ಮಾತ್ರ ಗಟ್ಟಿಯಾದ ಆಧಾರವಿಲ್ಲ.

ಬೆಳೆಸುವ ಆಸಕ್ತಿಯುಳ್ಳವರಿಗೆ ನಮ್ಮ ನೆಲವೇನೂ ಪ್ರತಿಕೂಲವಲ್ಲ. ಈ ಗಿಡ ಕ್ಷಾರಗುಣದ ಮಣ್ಣನ್ನು ಸಹಿಸುತ್ತದೆ. ತೊಡಕಿರುವುದು ನಮ್ಮ ಬೇಸಿಗೆಯಲ್ಲಿ. ಇದು ಚಳಿಗಾಲದಲ್ಲಿ ಎಲೆಯುದುರಿಸುವ ತಂಪು ಸೀಮೆಯ ಗಿಡ. ಆದ್ದರಿಂದ ನೆಲದಲ್ಲಿ ನೆಡುವುದಕ್ಕಿಂತ ದೊಡ್ಡ ಕುಂಡದಲ್ಲಿ, ಮರಳು ಬೆರೆಸಿದ ಕೆಮ್ಮಣ್ಣಿಗೆ ಕೊಟ್ಟಿಗೆಗೊಬ್ಬರ ಸೇರಿಸಿ ಬೆಳೆಸುವುದು ಮೇಲು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲಿನಿಂದ ಮರೆಮಾಡಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಒಣಹಣ್ಣಿನ ಬೀಜವೂ ಮೊಳೆಯುತ್ತದೆ. ಆದರೆ ಬೀಜದ ಗಿಡ ಫಲ ಕೊಡಲು ಎರಡು ಮೂರು ವರ್ಷ ಬೇಕು. ಒಂದು ಕುಂಡದ ಫಸಲು ಮನೆಮಂದಿಯ ನಾಲಿಗೆಗೆ ರುಚಿ ತೋರಿಸಬಲ್ಲದೇ ಹೊರತು ಆರೋಗ್ಯವನ್ನು ಹೊರಲಾರದು.

ನಮಗೆ ನಿಜವಾದ ಆತಂಕವಿರುವುದು ತಿನ್ನುವವರ ಬಗ್ಗೆ. ಹೃದಯದ ಕವಾಟ ಬದಲಾಯಿಸಿಕೊಂಡವರು, ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಮಾತ್ರೆ ಸೇವಿಸುವವರು ನಮ್ಮ ಭಕ್ತಸಮೂಹದಲ್ಲಿ ಕಡಿಮೆಯೇನಿಲ್ಲ. 2001ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಕರಣವನ್ನು ಅವರು ಗಮನಿಸಬೇಕು. ವಾರ್ಫರಿನ್ ಸೇವಿಸುತ್ತಿದ್ದ 61 ವರ್ಷದ ಮಹಿಳೆಯೊಬ್ಬರು ಕೇವಲ ನಾಲ್ಕು ದಿನ, ದಿನಕ್ಕೆ ಮೂರು ನಾಲ್ಕು ಬಟ್ಟಲು ಗೋಜಿಯ ಕಷಾಯ ಕುಡಿದಿದ್ದರು. 2ರಿಂದ 3ರೊಳಗೆ ಸ್ಥಿರವಾಗಿದ್ದ ಅವರ ಐ.ಎನ್.ಆರ್. 4.1ಕ್ಕೆ ಏರಿತ್ತು. ಈ ಅಂಕಿ ಏರಿತೆಂದರೆ ರಕ್ತಸ್ರಾವದ ಭಯ ಹೆಚ್ಚಿತೆಂದೇ ಅರ್ಥ. ಕಷಾಯ ನಿಲ್ಲಿಸಿದ ಮೇಲೆ ಅದು ಇಳಿಯಿತು. ಇಂತಹ ಮಾತ್ರೆ ಸೇವಿಸುವವರು ಗೋಜಿಯನ್ನು ಮುಟ್ಟದಿರುವುದೇ ಕ್ಷೇಮ. ಈಗಾಗಲೇ ತಿನ್ನುತ್ತಿದ್ದರೆ, ಸಂಕೋಚಪಡದೆ ಹೃದಯವೈದ್ಯರಿಗೆ ತಿಳಿಸಿ ರಕ್ತ ಪರೀಕ್ಷಿಸಿಕೊಳ್ಳಲಿ. “ಹಣ್ಣಲ್ಲವೇ, ಅದರಲ್ಲೇನಿದೆ” ಎಂದು ವೈದ್ಯರಿಂದ ಮುಚ್ಚಿಡುವ ಅಭ್ಯಾಸವನ್ನು ನಾವು ಹಿರಿಯರಲ್ಲಿ ಮೇಲಿಂದ ಮೇಲೆ ಕಾಣುತ್ತೇವೆ. ನೆಲ್ಲಿಯ ರಸವನ್ನಾಗಲಿ, ಇನ್ನಾವ ಗಿಡಮೂಲಿಕೆಯನ್ನಾಗಲಿ ನಿತ್ಯ ಸೇವಿಸುವವರಿಗೂ ಇದೇ ಮಾತು.

ಇನ್ನು ಹಿತ್ತಿಲಿನ ನಿಜವಾದ ಜಾಗ ಯಾವುದಕ್ಕೆ ಸಲ್ಲಬೇಕು? ನಮ್ಮ ಮತ ನೆಲ್ಲಿಗೆ. ನೂರು ಗ್ರಾಂ ಒಣ ಗೋಜಿಯಲ್ಲಿ ಸಿ ಜೀವಸತ್ವ ಸುಮಾರು 48 ಮಿಲಿಗ್ರಾಂ; ಅಷ್ಟೇ ತೂಕದ ಹಸಿ ನೆಲ್ಲಿಕಾಯಿಯಲ್ಲಿ ಸುಮಾರು 250. ಚರಕಾಚಾರ್ಯರು ಆಮಲಕಿಯನ್ನು ವಯಃಸ್ಥಾಪನ ದ್ರವ್ಯಗಳಲ್ಲಿ ಎಣಿಸಿದ್ದಾರೆ. ಚ್ಯವನಪ್ರಾಶದ ಮುಖ್ಯದ್ರವ್ಯವೂ ಅದೇ. ನಮ್ಮ ಜಿಲ್ಲೆಗೆ ಇನ್ನೊಂದು ಕಾರಣವೂ ಉಂಟು. ಇಲ್ಲಿನ ಅನೇಕ ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲಿನ ಕಂದುಕಲೆ, ಕೀಲುಗಳ ಬಿಗಿತ ಹಲವರಿಗೆ ಅದರಿಂದಲೇ ಬಂದದ್ದು. ಶುದ್ಧ ನೀರೇ ಮೊದಲ ಪರಿಹಾರ, ಸಂದೇಹವಿಲ್ಲ. ಅದರ ಜೊತೆಗೆ ಸುಣ್ಣದಂಶವೂ ಸಿ ಜೀವಸತ್ವವೂ ಹೆಚ್ಚಿರುವ ಆಹಾರ ಇರಬೇಕೆಂದು ವೈದ್ಯರು ಹೇಳುತ್ತಾರೆ. ರಾಗಿ, ನುಗ್ಗೆಸೊಪ್ಪು, ಮಜ್ಜಿಗೆ, ನೆಲ್ಲಿಕಾಯಿ. ಇವಕ್ಕೆ ಪೊಟ್ಟಣದ ಹಣ್ಣಿನ ಬೆಲೆಯ ಕಾಲುಭಾಗವೂ ತಗಲದು.

ಕಿರಿದಾದ ನಿವೇಶನದವರು ಬೇಲಿಗೆ ಕವಳೆ ಹಾಕಿಕೊಳ್ಳಬಹುದು. ಮುಳ್ಳಿನ ಕಾವಲೂ ಆಯಿತು, ಉಪ್ಪಿನಕಾಯಿಗೆ ಕಾಯಿಯೂ ಆಯಿತು. ಗೋಜಿಯ ದಾಯಾದಿಯೇ ಆದ ಗಣಿಕೆ, ಅಂದರೆ ನಮ್ಮ ಗ್ರಂಥಗಳ ಕಾಕಮಾಚಿ, ಬಿತ್ತದೆಯೂ ಹುಟ್ಟುತ್ತದೆ. ಅದರ ಎಳೆಯ ಸೊಪ್ಪನ್ನು ಬೇಯಿಸಿ ಉಣ್ಣಬೇಕು, ಹಸಿರು ಕಾಯಿಯನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳಬೇಕು. ಹಳಸಿದ ಕಾಕಮಾಚಿ ಸಲ್ಲದೆಂದು, ಜೇನಿನೊಡನೆ ಬೆರೆಸಲಾಗದೆಂದು ಚರಕಸಂಹಿತೆಯ ಎಚ್ಚರಿಕೆಯಿದೆ.

ನೆಲ್ಲಿ ಹಾಕುವವರು ಮುಂಗಾರಿನ ಮೊದಲ ಹದಮಳೆಗೆ ಕಸಿಗಿಡವನ್ನೇ ನೆಡಲಿ. ನಾಲ್ಕನೆಯ ವರ್ಷದ ಹೊತ್ತಿಗೆ ಕಾಯಿ ಕಾಣಬಹುದು. ಒಂದೇ ತಳಿಯ ಗಿಡವಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಎರಡು ಗಿಡಕ್ಕೆ ಸ್ಥಳವಿಲ್ಲದವರು ನೆರೆಮನೆಯವರೊಡನೆ ಮಾತಾಡಿಕೊಂಡು, ಅವರಲ್ಲೊಂದು ತಳಿ, ತಮ್ಮಲ್ಲೊಂದು ತಳಿ ನೆಟ್ಟುಕೊಳ್ಳಬಹುದು.