ಯಾರ ತೋಟದ್ದು ಅಂತ ಹೇಳಿ ಕೊಡಿ

ನಮ್ಮೂರು ಅಂತರಸಂತೆ. ಎಚ್.ಡಿ. ಕೋಟೆ ತಾಲ್ಲೂಕು. ಇನ್ನೊಂದು ಸ್ವಲ್ಪ ಮುಂದೆ ಹೋದ್ರೆ ದಮ್ಮನಕಟ್ಟೆ, ಆಮೇಲೆ ಬರೀ ಕಾಡು. ಹೆಸರಲ್ಲೇ ಸಂತೆ ಇರೋ ಊರಲ್ಲಿ ಬೆಳೆದದ್ದಕ್ಕೋ ಏನೋ, ಯಾರು ಏನು ಕೊಟ್ರೂ "ಎಲ್ಲಿಂದ ಬಂತು?" ಅಂತ ಕೇಳೋ ಚಾಳಿ ನನಗೆ. ಬಾಳೆಹಣ್ಣು ಮಾರೋನನ್ನೂ ಯಾರ ತೋಟದ್ದಪ್ಪಾ ಅಂತ ಕೇಳ್ತೀವಿ, ಅವನೂ ಹೇಳ್ತಾನೆ. ಆದರೆ ಒಂದು ಹಾಡೋ, ಪುಸ್ತಕದ ಒಂದು ಪುಟವೋ, ಒಂದೊಳ್ಳೆ ಮಾತೋ ಕೈಗೆ ಬಂದಾಗ ಮಾತ್ರ ಯಾರೂ ಕೇಳಲ್ಲ. ಕಳಿಸಿದವರೂ ಹೇಳಲ್ಲ. ಇವತ್ತಿನ ನನ್ನ ಜಗಳ ಇದರ ಮೇಲೆ.

ಬೆಳಿಗ್ಗೆ ಎದ್ದು ಫೋನ್ ನೋಡಿದ್ರೆ ಗೆಳೆಯರ ಪ್ರೀತಿ ತುಂಬಿ ತುಳುಕ್ತಿರುತ್ತೆ. "ಕೇಳಲೇಬೇಕಾದ ಹಾಡು!" ಯಾರು ಬರೆದದ್ದು? ಇಲ್ಲ. ಕೆಳಗೊಂದು ನುಡಿಮುತ್ತು, ಅದಕ್ಕೆ ಕುವೆಂಪು ಹೆಸರು. ಯಾವ ಪುಸ್ತಕದಲ್ಲಿದೆ ಮಾರಾಯ ಅಂತ ಕೇಳಿದ್ರೆ, "ಅದೆಲ್ಲ ಗೊತ್ತಿಲ್ಲ, ಚೆನ್ನಾಗಿತ್ತು, ಹಂಚ್ಕೊಂಡೆ ಅಷ್ಟೇ". ಅಷ್ಟೇನಾ? ನಿಮಗೇ ಹೊಳೆದ ಮಾತಾದ್ರೆ ಧೈರ್ಯವಾಗಿ ನಿಮ್ಮ ಹೆಸರಲ್ಲೇ ಹೇಳಿ. ತೀರಿಕೊಂಡವರ ತಲೆಗೆ ಯಾಕೆ ಕಟ್ತೀರಿ?

1972ರ 'ಬಂಗಾರದ ಮನುಷ್ಯ'ದ ಹಾಡುಗಳನ್ನೇ ತಗೊಳ್ಳಿ. ಎಲ್ಲರೂ ರಾಜ್‌ಕುಮಾರ್ ಹಾಡು ಅಂತಲೇ ಕಳಿಸೋದು. ಅಣ್ಣಾವ್ರ ಮೇಲೆ ನನಗೂ ಅಷ್ಟೇ ಅಭಿಮಾನ. ಆದರೆ ಅವರಿಗಾಗಿ ಅಲ್ಲಿ ಹಾಡಿದ ಗಂಟಲು ಪಿ.ಬಿ. ಶ್ರೀನಿವಾಸ್ ಅವರದ್ದು. ಸಂಗೀತ ಜಿ.ಕೆ. ವೆಂಕಟೇಶ್. ಕಥೆ ಟಿ.ಕೆ. ರಾಮರಾಯರ ಕಾದಂಬರಿ. ಹಾಡು ಬರೆದವರಲ್ಲಿ ಒಬ್ಬರು ಹುಣಸೂರು ಕೃಷ್ಣಮೂರ್ತಿ, ನಮ್ಮ ಪಕ್ಕದ ತಾಲ್ಲೂಕಿನ ಹೆಸರು ಹೊತ್ತವರು. ಹುಣಸೂರಿನ ಬಸ್ಸಲ್ಲೇ ಕೂತು ಆ ಹಾಡು ಕೇಳೋರಿಗೂ ಈ ಹೆಸರು ಗೊತ್ತಿಲ್ಲ ಅಂದ್ರೆ ತಪ್ಪು ಕೇಳಿದವರದ್ದಲ್ಲ, ಹೆಸರಿಲ್ಲದೆ ಕಳಿಸಿದ ನಮ್ಮದು.

"ಸಿನಿಮಾ ಸರಿ, ಜಾನಪದಕ್ಕೆ ಯಾರ ಹೆಸರು ಹಾಕೋದು? ಅದು ಎಲ್ಲರದ್ದು" ಅಂತ ಒಬ್ಬ ಗೆಳೆಯ ವಾದ ಮಾಡ್ದ. ಮೊದಲು ನಾನೂ ಹಾಗೇ ಅನ್ಕೊಂಡಿದ್ದೆ, ಈಗ ಒಪ್ಪಲ್ಲ. ಕಾರಣ ಹೇಳ್ತೀನಿ.

ನಮ್ಮ ಬೀದಿಯ ಅಜ್ಜಿಯೊಬ್ರು ಸೋಬಾನೆ ಪದ ಹೇಳ್ತಾರೆ. ಒಂದು ಮದುವೆ ಮನೇಲಿ ಫೋನಲ್ಲಿ ಹಿಡ್ಕೊಂಡು ನಾಲ್ಕು ಜನ ಗೆಳೆಯರಿಗೆ ಕಳಿಸಿದೆ. "ನಮ್ಮೂರ ಹಾಡು" ಅಂತ ಎರಡೇ ಪದ ಬರೆದಿದ್ದೆ. ಕೆಲವು ತಿಂಗಳಾದ ಮೇಲೆ ಅದೇ ಹಾಡು ಬೇರೆ ಯಾರಿಂದಲೋ ನನಗೇ ವಾಪಸ್ ಬಂತು. ಅರ್ಧಕ್ಕೆ ಕತ್ತರಿಸಿ, ಹಿಂದೆ ಕೊಳಲು ಸೇರಿಸಿ, "ಅನಾಮಿಕ ಜಾನಪದ" ಅಂತ ಬರೆದಿದ್ರು. ಅನಾಮಿಕ! ನಮ್ಮ ಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಅವರೆಕಾಯಿ ಸುಲೀತಾ ಕೂತಿದ್ರು ಆ ಅನಾಮಿಕ. ಅವರ ಹೆಸರು ಅಳಿಸಿದ್ದು ಆ ಕೊಳಲಿನವರಲ್ಲ, ನಾನು.

ನಾಚಿಕೆಯಾಗಿ ಹೋಗಿ ಹೇಳ್ದೆ. ಅಜ್ಜಿ ನಕ್ಕುಬಿಟ್ರು. "ಪದ ನಂದಲ್ಲ ಕನಪ್ಪ, ನಮ್ಮವ್ವ ಕಲ್ಸಿದ್ದು. ಆಕೋದಾದ್ರೆ ಅವ್ಳ ಎಸ್ರ್ನೂ ಆಕು." ನೋಡಿ, ಓದು ಬರಹ ಕಲಿಯದ ಅಜ್ಜಿಗೆ ಗೊತ್ತಿರೋದು ನಮಗೆ ಗೊತ್ತಿಲ್ಲ. ಧಾಟಿ ಎಲ್ಲರದ್ದಿರಬಹುದು, ಗಂಟಲು ಒಬ್ಬರದ್ದೇ.

ಇದನ್ನ ಸರಿಯಾಗಿ ಮಾಡಿದವರೂ ಇದ್ದಾರೆ. ಮಲೆ ಮಾದೇಶ್ವರನ ಕಾವ್ಯವನ್ನ ಸಂಗ್ರಹಿಸಿದವರು ಪಿ.ಕೆ. ರಾಜಶೇಖರ. ಅದು 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೆ ಹೋದಾಗ, ಹಾಡಿದ್ದು ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡ ಅಂತ ಪುಸ್ತಕದಲ್ಲೇ ಅಚ್ಚಾಯ್ತು. ಊರೂರಲ್ಲಿ ಹಾಡೋ ಮಾದಪ್ಪನ ಕಥೆಗೇ ಹಾಡಿದವರ ಹೆಸರು ಸಿಕ್ಕೋದಾದ್ರೆ, ನಾವು ಕಳಿಸೋ ಮೂರು ನಿಮಿಷದ ಪದಕ್ಕೆ ಯಾಕೆ ಸಿಗಬಾರದು?

ಟೈಮಿಲ್ಲ ಅಂತೀರಾ? ಯಾರು ಬರೆದದ್ದು, ಯಾರು ಹಾಡಿದ್ದು, ನಿಮಗೆ ಯಾಕೆ ಹಿಡಿಸ್ತು. ಇಷ್ಟು ಬರೆಯೋಕೆ ಎರಡು ಸಾಲು ಸಾಕು. ಅದರಲ್ಲಿ ಕೊನೇದನ್ನ ಮರೀಬೇಡಿ. ಹಾಡನ್ನ ಎಲ್ಲಾದ್ರೂ ಹುಡುಕ್ಕೋತೀನಿ, ಅದನ್ನ ಕೇಳಿ ನಿಮಗೆ ಏನನ್ನಿಸ್ತು ಅನ್ನೋದನ್ನ ನೀವೇ ಹೇಳಬೇಕು. ಬರೆದವರು ಗೊತ್ತಿಲ್ಲದಿದ್ರೆ "ಗೊತ್ತಿಲ್ಲ, ಗೊತ್ತಿದ್ದವರು ಹೇಳಿ" ಅಂತ ಹಾಕಿ. ಅದರಲ್ಲೇನೂ ಅವಮಾನ ಇಲ್ಲ. ಹಾಡಿದವರು ನಿಮ್ಮ ಬೀದಿಯವರೇ ಆದ್ರೆ, ಕಳಿಸೋ ಮುಂಚೆ ಅವರನ್ನೊಂದು ಮಾತು ಕೇಳಿ.

ಮೊನ್ನೆ ಆ ಸೋಬಾನೆ ಪದವನ್ನ ಅಜ್ಜಿಯ ಒಪ್ಪಿಗೆ ತಗೊಂಡು, ಪೂರ್ತಿಯಾಗಿ, ಅಮ್ಮ ಮಗಳ ಇಬ್ಬರ ಹೆಸರೂ ಹಾಕಿ ಅದೇ ನಾಲ್ಕು ಗೆಳೆಯರಿಗೆ ಮತ್ತೆ ಕಳಿಸಿದೆ. ಹಾಗಾದ್ರೆ ಆ ಹೆಸರು ಇಲ್ಲಿ ಯಾಕಿಲ್ಲ ಅಂತ ಕೇಳ್ತೀರಿ, ಗೊತ್ತು. ಹಾಡಿನ ಜೊತೆ ಹಾಕೋಕೆ ಮಾತ್ರ ಕೇಳಿದ್ದೆ, ನನ್ನ ಜಗಳದೊಳಗೆ ಎಳೆಯೋಕೆ ಇನ್ನೂ ಕೇಳಿಲ್ಲ.